ಬೆರಳು ಜೋಮು ಹಿಡಿದರೆ ಕುತ್ತಿಗೆಗೆ ಮದ್ದು: ಯುನಾನಿಯಲ್ಲಿ ಮಿದುಳು, ಬೆನ್ನುಹುರಿ

ನಮ್ಮ ಕಡೆ ಕೈಕಾಲು ಬಿದ್ದುಹೋದರೆ 'ಲಕ್ವ ಹೊಡೀತು' ಅಂತಾರೆ. ಯುನಾನಿ ವೈದ್ಯಪದ್ಧತಿಯಲ್ಲಿ ಲಕ್ವಾ ಅಂದರೆ ಮುಖ ಸೊಟ್ಟಗಾಗುವುದು ಮಾತ್ರ. ಅರ್ಧ ಮೈ ಬಿದ್ದುಹೋದರೆ ಅದು ಫಾಲಿಜ್. ಇವೆರಡನ್ನು ಬೆರೆಸಬೇಡಿ. ಬೆನ್ನುಹುರಿಗೆ ನುಖಾ, ನರಕ್ಕೆ ಅಸಬ್ ಅಂತಾರೆ. ದಿಮಾಗ್ ಯಾವುದು ಅಂತ ಹೇಳಬೇಕಿಲ್ಲ, ಅಲ್ವಾ?

ಯುನಾನಿಯಲ್ಲಿ ಮಿದುಳು, ನರಗಳ ತಿಳಿವಳಿಕೆ ಶುರುವಾಗುವುದು ಜಾಲಿನೂಸ್‌ನಿಂದ, ಅಂದರೆ 2ನೇ ಶತಮಾನದ ಗ್ರೀಕ್ ವೈದ್ಯ ಗೇಲನ್. ಪೌಸಾನಿಯಸ್ ಎಂಬ ರೋಗಿಗೆ ಕಿರುಬೆರಳು, ಉಂಗುರಬೆರಳು, ನಡುಬೆರಳಿನ ಅರ್ಧ ಜೋಮು ಹಿಡಿದಿತ್ತು. ಬೇರೆ ವೈದ್ಯರು ಬೆರಳಿಗೇ ಮದ್ದು ಹಚ್ಚುತ್ತಿದ್ದರು. ಗೇಲನ್ ಕೆದಕಿ ಕೇಳಿದಾಗ, ರಥದಿಂದ ಬಿದ್ದು ಕುತ್ತಿಗೆಯ ಬುಡಕ್ಕೆ ಪೆಟ್ಟಾಗಿದ್ದು ಗೊತ್ತಾಯಿತು. ಮದ್ದನ್ನು ಅಲ್ಲಿಗೆ ಹಾಕಿಸಿದ. ಬೆರಳು ಸರಿಹೋಯಿತು.

ಇದು ಸುಮ್ನೆ ಊಹೆಯಲ್ಲ. ಅವನು ಪ್ರಾಣಿಗಳ ಬೆನ್ನುಹುರಿಯನ್ನು ಬೇರೆಬೇರೆ ಮಟ್ಟದಲ್ಲಿ ಕೊಯ್ದು ನೋಡಿದ್ದ. ಓದಲು ಹಿಂಸೆಯೇ. ಕುತ್ತಿಗೆಯ 3 ಮತ್ತು 4ನೇ ಮೂಳೆಗಳ ನಡುವೆ ಕೊಯ್ದರೆ ಉಸಿರು ನಿಂತಿತು. 6ನೆಯದರ ಕೆಳಗೆ ಕೊಯ್ದರೆ ಎದೆಯ ಸ್ನಾಯುಗಳು ಸೋತವು, ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಮಾತ್ರ ಆಡುತ್ತಲೇ ಇತ್ತು. ವಪೆಯ ನರ ಅದಕ್ಕಿಂತ ಮೇಲೆಯೇ ಹೊರಟುಬಿಟ್ಟಿರುತ್ತದೆ, ಅದಕ್ಕೆ.

9ನೇ ಶತಮಾನದಲ್ಲಿ ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕ್ ಮತ್ತು ಸಂಗಡಿಗರು ಗೇಲನ್‌ನ ಬರಹಗಳನ್ನು ಅರಬ್ಬಿಗೆ ತಂದರು. ಮುಂದೆ ಪರ್ಷಿಯಾದ ವೈದ್ಯ ಅಲ್ ರಾಝಿ ಬೆನ್ನುಹುರಿಯ ನರಗಳನ್ನು 31 ಜೋಡಿ ಎಂದು ಎಣಿಸಿದ. ಇವತ್ತಿನ ಲೆಕ್ಕವೂ 31. ಹಾಗಂತ ಮೋಸಹೋಗಬೇಡಿ: ಕುತ್ತಿಗೆಯ 8, ಎದೆಯ 12, ಸೊಂಟದ 5 ಜೋಡಿ ಎರಡರಲ್ಲೂ ಒಂದೇ. ಕೊನೆಗೆ, ಸೊಂಟದ ಕೆಳಗಿನ ತ್ರಿಕ ಮತ್ತು ಬಾಲಮೂಳೆಯ ಹತ್ತಿರ, ಅವನದು 3 ಮತ್ತು 3, ನಮ್ಮದು 5 ಮತ್ತು 1.

ಮಿದುಳಿನ ನರಗಳು ಮಾತ್ರ ಅವರಿಗೆ 7 ಜೋಡಿ, ನಮಗೆ 12. ಮುಖದ ನರವನ್ನೂ ಕಿವಿಯ ನರವನ್ನೂ ಒಂದೇ ಜೋಡಿಗೆ ಸೇರಿಸಿದ್ದರು. ವಾಸನೆಯದನ್ನು ನರವೆಂದೇ ಎಣಿಸಲಿಲ್ಲ. ಇನ್ನೊಂದು ದೊಡ್ಡ ತಪ್ಪಿದೆ. ಕುರಿ, ದನಗಳ ಮಿದುಳಿನ ಬುಡದಲ್ಲಿರುವ ರಕ್ತನಾಳದ ಬಲೆ ಮನುಷ್ಯರಲ್ಲೂ ಇದೆ ಎಂದು ಗೇಲನ್ ಬರೆದ, ಅದೇ ನೂರಾರು ವರ್ಷ ನಡೆಯಿತು.

ನನಗೆ ಜಾಸ್ತಿ ಇಷ್ಟವಾಗಿದ್ದು ಪೊರೆಗಳ ಹೆಸರು. ಅರಬ್ಬಿ ವೈದ್ಯರು ಮಿದುಳನ್ನು ಸುತ್ತಿದ ಪೊರೆಯನ್ನು 'ಉಮ್ಮ್', ಅಂದರೆ ತಾಯಿ ಎಂದು ಕರೆದರು. ಹೊರಗಿನದು ಗಟ್ಟಿ ತಾಯಿ, ಒಳಗಿನದು ತೆಳು ತಾಯಿ. ಅವರಲ್ಲೊಬ್ಬನಾದ ಅಲ್ ಮಜೂಸಿಯ ವೈದ್ಯಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋದಾಗ ಅದೇ 'ಡ್ಯೂರಾ ಮೇಟರ್', 'ಪಿಯಾ ಮೇಟರ್' ಆಯಿತು. ಎಂಬಿಬಿಎಸ್ ಓದುವವರೂ ಇವತ್ತು ಉರುಹೊಡೆಯುವುದು ಇದನ್ನೇ.

ಚಿತ್ರ ಬೇಕೆಂದರೆ 14ನೇ ಶತಮಾನದ ಕೊನೆಯಲ್ಲಿ ಮನ್ಸೂರ್ ಇಬ್ನ್ ಇಲ್ಯಾಸ್ ಪಾರ್ಸಿಯಲ್ಲಿ ಬರೆದ ಅಂಗರಚನೆಯ ಪುಸ್ತಕ 'ತಶ್ರೀಹೆ ಮನ್ಸೂರಿ' ನೋಡಿ. ನರಗಳ ಚಿತ್ರದಲ್ಲಿ ಮನುಷ್ಯ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ತಲೆ ಎಷ್ಟು ಹಿಂದಕ್ಕೆ ಬಾಗಿದೆಯೆಂದರೆ ಬಾಯಿ ಪುಟದ ತುದಿಯಲ್ಲಿದೆ. ಪುಟವನ್ನು ತಲೆಕೆಳಗೆ ಹಿಡಿದಿದ್ದೇನೇನೋ ಅಂತ ಮೊದಲ ಸಲ ನಾನು ತಿರುಗಿಸಿಯೇಬಿಟ್ಟೆ.