ಮೆಟ್ಟಿಲು ಬಾವಿಯಿಂದ ಮನೆ ನಲ್ಲಿಯವರೆಗೆ

ನಾರುಹುಣ್ಣು ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಉತ್ತರ ಕರ್ನಾಟಕದ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ. ಕಾಲಿನಲ್ಲಿ ಬೊಬ್ಬೆ ಏಳುತ್ತಿತ್ತು. ಉರಿ ತಾಳಲಾರದೆ ನೀರಿಗೆ ಕಾಲಿಟ್ಟರೆ ಬೊಬ್ಬೆ ಒಡೆದು ಬಿಳಿ ದಾರದಂಥ ಹುಳು ಹೊರಗೆ ಬರುತ್ತಿತ್ತು. ಜೋರಾಗಿ ಎಳೆದರೆ ತುಂಡಾಗಿ ಒಳಗೇ ಕೀವು ಕಟ್ಟುತ್ತದೆ. ಅದಕ್ಕೇ ಸಣ್ಣ ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದರು. ಹುಳು ಒಂದು ಮೀಟರ್ ಉದ್ದ ಇದ್ದರೂ ಇರಬಹುದು. ಅಷ್ಟು ದಿನ ಹೊಲವಿಲ್ಲ, ಕೂಲಿಯಿಲ್ಲ.

ಈ ರೋಗ ಹರಡುತ್ತಿದ್ದದ್ದು ಮುಖ್ಯವಾಗಿ ಮೆಟ್ಟಿಲು ಬಾವಿಗಳಿಂದ. ಕೊಡ ತುಂಬಲು ಜನ ನೀರಿಗೇ ಇಳಿಯುತ್ತಿದ್ದರು. ಹುಣ್ಣಿರುವವರು ಇಳಿದಾಗ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೀರುಚಿಗಟಗಳು ಅವನ್ನು ನುಂಗುತ್ತಿದ್ದವು. ಆ ನೀರು ಕುಡಿದವರಿಗೆ ವರ್ಷದ ಹೊತ್ತಿಗೆ ಮತ್ತೆ ಹುಣ್ಣು. ಇದಕ್ಕೆ ಲಸಿಕೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿದರು, ಮೆಟ್ಟಿಲು ಮುಚ್ಚಿ ಸೇದುವ ಬಾವಿ ಮಾಡಿದರು, ಬೋರ್‌ವೆಲ್ ಕೊರೆದರು. 1996ರಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು. 2000ದಲ್ಲಿ ಭಾರತ ಈ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಇದು ಸುಮ್ನೆ ಸಣ್ಣ ಗೆಲುವಲ್ಲ.

ನಮ್ಮ ಹಳ್ಳಿಗಳಿಗೆ ಬೋರ್‌ವೆಲ್ ಬಂದ ಕಥೆಯಲ್ಲಿ ಒಂದು ಹೆಸರು ಬಿಡುವಂತಿಲ್ಲ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್, 1983ರ ನಂತರ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದವರು. ಬರದ ವರ್ಷಗಳಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಪ್ರೀತಿಯಿಂದ ‘ನೀರ್ ಸಾಬ್’ ಅಂದರು. ಆಗ ನೆಟ್ಟ ಕೈಪಂಪನ್ನು ಎಷ್ಟೋ ಊರುಗಳಲ್ಲಿ ಇವತ್ತಿಗೂ ‘ಬೋರಿಂಗ್’ ಅಂತಲೇ ಕರೆಯುತ್ತಾರೆ.

ಬೋರಿಂಗ್ ನೀರು ತಿಳಿಯಾಗಿತ್ತು. ಹುಳುವಿಲ್ಲ, ವಾಸನೆಯಿಲ್ಲ. ಆದರೆ ಅದೇ ಬಗೆಯ ಬಾವಿಗಳು ಹೊಲಗಳಲ್ಲೂ ಹೆಚ್ಚಿದವು, ಕೆರೆಗಳಲ್ಲಿ ಹೂಳು ತುಂಬಿತು, ನೆಲದೊಳಗಿನ ನೀರು ಆಳಕ್ಕಿಳಿಯಿತು. ಕೋಲಾರದ ಕಡೆ ಈಗ ಸಾವಿರ ಅಡಿ ದಾಟಿ ಕೊರೆಯುತ್ತಾರೆ. ಅಲ್ಲಿ, ಪಾವಗಡದಲ್ಲಿ, ಬಾಗೇಪಲ್ಲಿಯಲ್ಲಿ ಕೆಳಗಿರುವುದು ಗಟ್ಟಿ ಕಲ್ಲು. ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನಲ್ಲಿರುವ ಫ್ಲೋರೈಡ್ ಎಂಬ ಲವಣ ಕರಗಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಜಾಸ್ತಿಯಾದರೆ ಮೊದಲು ಮಕ್ಕಳ ಹಲ್ಲಿಗೆ ಕಂದು ಗೆರೆ. ವರ್ಷಗಟ್ಟಲೆ ಕುಡಿದರೆ ಮೂಳೆಗೂ ಇಳಿದು ಸೊಂಟ, ಮೊಣಕಾಲು ಬಿಗಿಯುತ್ತವೆ. ಫೋಟೋ ತೆಗೆಯುವಾಗ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯನ್ನು ಆ ಕಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುದಿಸಿದರೆ ಹೋಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಫ್ಲೋರೈಡ್ ಪ್ರಮಾಣ ಇನ್ನೂ ಹೆಚ್ಚುತ್ತದೆ.

ಆಮೇಲೆ ಊರೂರಿಗೆ ಶುದ್ಧ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಫಿಲ್ಟರ್ ಬದಲಿಸದೆ, ಕರೆಂಟ್ ಬಿಲ್ ಕಟ್ಟದೆ ಬೀಗ ಬಿದ್ದ ಘಟಕಗಳೂ ಇವೆ. ನೀರು ಸೋಸುವಾಗ ಉಳಿಯುವ ಫ್ಲೋರೈಡ್ ತುಂಬಿದ ನೀರನ್ನು ಎಷ್ಟೋ ಕಡೆ ಪಕ್ಕದ ಚರಂಡಿಗೇ ಬಿಡುತ್ತಾರೆ.

2014ರ ಸ್ವಚ್ಛ ಭಾರತದಲ್ಲಿ ಶೌಚಾಲಯಗಳು ಎದ್ದವು. ನಲ್ಲಿ ಇಲ್ಲದ ಮನೆಯಲ್ಲಿ ಅದಕ್ಕೂ ನೀರು ಹೊತ್ತವಳು ಹೆಂಗಸೇ ಅಲ್ವಾ? ನೀರಿಲ್ಲದ ಕಡೆ ಅದರೊಳಗೆ ಸೌದೆ ಒಟ್ಟಿದರು. ಅವರನ್ನು ಬೈದು ಪ್ರಯೋಜನವಿಲ್ಲ.

ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡುವ 2019ರ ಜಲಜೀವನ್ ಮಿಷನ್ ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ಯಾಯಿತು. ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ. ಪಾವಗಡಕ್ಕೆ ತುಂಗಭದ್ರೆಯ ಹಿನ್ನೀರನ್ನೇ ತರುವ ದೊಡ್ಡ ಯೋಜನೆಯೂ ಆಯಿತು. ನನಗೆ ಇದರಲ್ಲಿ ನಂಬಿಕೆ ಇದೆ. ಆದರೆ ನದಿ ನೀರು ಮುಟ್ಟದ ಊರುಗಳಲ್ಲಿ ಹೊಸ ಪೈಪನ್ನು ಜೋಡಿಸುವುದು ಹಳೇ ಬೋರ್‌ವೆಲ್‌ಗೇ. ನಲ್ಲಿ ಹೊಸದು, ನೀರು ಅದೇ.

ಇದೇ ಯೋಜನೆಯಲ್ಲಿ ಊರಿನ ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು ಕಲಿಸುತ್ತಾರೆ. ಸಣ್ಣ ಬಾಟಲಿಗೆ ನೀರು ಹಾಕಿ, ನಾಲ್ಕಾರು ಹನಿ ಔಷಧಿ ಬಿಟ್ಟು, ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ ನೋಡುವುದು, ಅಷ್ಟೇ. ನಿಮ್ಮೂರಿನಲ್ಲಿ ಆ ಡಬ್ಬಿ ಯಾರ ಹತ್ತಿರ ಇದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಮನೆಯ ನಲ್ಲಿಯಿಂದ ಒಂದು ಲೋಟ ನೀರು ತೆಗೆದುಕೊಂಡು ಹೋಗಿ.