ಮುಚ್ಚಿಹೋದ ಗೇಮ್‌ಗೆ ನಮ್ಮದೇ ಸರ್ವರ್ ಹಾಕಿದರೆ ತಪ್ಪಾ?

ಪ್ರಶ್ನೆ: ನಾವು ಬದಿಯಡ್ಕದ ನಾಲ್ಕು ಜನ ಗೆಳೆಯರು. ನಾವಾಡುತ್ತಿದ್ದ ಆನ್‌ಲೈನ್ ಗೇಮನ್ನು ಕಂಪನಿ ನಿಲ್ಲಿಸಿತು. ಈಗ ಮನೆಯಲ್ಲೇ ಪ್ರೈವೇಟ್ ಸರ್ವರ್, ಅಂದರೆ ಆ ಗೇಮ್ ಓಡಿಸುವ ನಮ್ಮದೇ ಕಂಪ್ಯೂಟರ್, ನಡೆಸುತ್ತಿದ್ದೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕೇಸ್ ಆಗುತ್ತಾ? ಸರ್ವರನ್ನು ಮಂಗಳೂರಿಗೆ ಸಾಗಿಸಿದರೆ?

ನೀವು ಕಳಿಸಿದ ಫೋಟೋ ನೋಡಿದೆ. ಅಡಿಕೆ ಗೋಣಿಗಳ ಪಕ್ಕ ಮುಚ್ಚಳ ತೆಗೆದಿಟ್ಟ ಸಿಪಿಯು, ಅದಕ್ಕೆ ಗಾಳಿ ಹಾಕುತ್ತಿರುವ ಟೇಬಲ್ ಫ್ಯಾನ್. ಇಷ್ಟು ಪ್ರೀತಿಯಿಂದ ಮಾಡಿದ್ದೀರಿ, ಆದರೂ ಇದ್ದದ್ದು ಹೇಳಲೇಬೇಕು: ಕಂಪನಿಯ ಅನುಮತಿ ಇಲ್ಲದಿದ್ದರೆ ಕೇಸ್ ಆಗಬಹುದು. ಗೇಮ್ ನಿಂತರೂ ಅದರ ಹಕ್ಕು ಕಂಪನಿಯದ್ದೇ. ತಲಪಾಡಿ ಗಡಿ ದಾಟಿ ಕೇರಳದಿಂದ ಕರ್ನಾಟಕಕ್ಕೆ ಹೋದರೂ ಏನೂ ಬದಲಾಗುವುದಿಲ್ಲ, 1957ರ ಕಾಪಿರೈಟ್ ಕಾಯ್ದೆ ಕೇಂದ್ರದ್ದು ಅಲ್ವಾ.

ಎಲ್ಲ ಗೇಮ್‌ಗೂ ಹೀಗಲ್ಲ. ಮೈನ್‌ಕ್ರಾಫ್ಟ್‌ನ ಸರ್ವರ್ ಸಾಫ್ಟ್‌ವೇರನ್ನು ಕಂಪನಿಯೇ ಪುಕ್ಕಟೆ ಕೊಡುತ್ತದೆ, ಅದರ ನಿಯಮ ಪಾಲಿಸಿದರೆ ಧೈರ್ಯವಾಗಿ ನಡೆಸಬಹುದು.

ನಿಮ್ಮದು ಬೇರೆ ಥರ. ರಂಗಸ್ಥಳ ನೀವೇ ಕಟ್ಟಿರಬಹುದು, ಆದರೆ ಕಿರೀಟ, ವೇಷ ಎಲ್ಲ ಬೇರೆ ಮೇಳದ ಪೆಟ್ಟಿಗೆಯಿಂದ ತಂದದ್ದು. ಸರ್ವರ್ ಕೋಡನ್ನು ಸ್ವಂತವಾಗಿ ಬರೆದಿದ್ದರೆ, ಎರಡು ಪ್ರೋಗ್ರಾಮ್‌ಗಳು ಒಟ್ಟಿಗೆ ಕೆಲಸ ಮಾಡಲು ಬೇಕಾದ ಮಾಹಿತಿ ಹುಡುಕುವುದಕ್ಕೆ ಸೆಕ್ಷನ್ 52ರಲ್ಲಿ ಸಣ್ಣ ವಿನಾಯಿತಿ ಇದೆ. ಮ್ಯಾಪು, ಚಿತ್ರ, ಸಂಗೀತ ಹಂಚುವುದಕ್ಕೆ ಅದು ಸಾಲದು. ಕಂಪನಿ ಗೇಮ್‌ಗೆ ಹಾಕಿದ ಡಿಜಿಟಲ್ ಬೀಗವನ್ನು ಹಕ್ಕು ಉಲ್ಲಂಘಿಸಲೆಂದೇ ಮುರಿದರೆ 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಕೂಡ ಬರುತ್ತದೆ. ಗೊತ್ತಿದ್ದೂ ಉಲ್ಲಂಘಿಸಿದರೆ ಸೆಕ್ಷನ್ 63ರಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಲ್ಲ ಎಂದಾದರೆ ಕೋರ್ಟ್ ಶಿಕ್ಷೆ ಕಡಿಮೆ ಮಾಡಬಹುದು, ಅಷ್ಟೇ.

ದುಡ್ಡು ಮುಟ್ಟಿದರೆ ಕಥೆಯೇ ಬೇರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಪ್ರೈವೇಟ್ ಸರ್ವರ್ ಸ್ಕೇಪ್‌ಗೇಮಿಂಗ್ ಆಟಗಾರರಿಂದ ಹಣ ಪಡೆಯುತ್ತಿತ್ತು, 2010ರಲ್ಲಿ ಅಮೆರಿಕದ ಕೋರ್ಟ್ ಅದನ್ನು ನಡೆಸಿದವರ ಮೇಲೆ ಸುಮಾರು 8.8 ಕೋಟಿ ಡಾಲರ್ ಹೊರಿಸಿತು. ಅದೇ ಗೇಮ್‌ನ ನೋಸ್ಟಾಲ್ರಿಯಸ್ ಸರ್ವರ್ ಪುಕ್ಕಟೆಯೇ ಇತ್ತು, 2016ರಲ್ಲಿ ಗೇಮ್‌ನ ಕಂಪನಿ ಬ್ಲಿಝರ್ಡ್‌ನ ವಕೀಲರ ಪತ್ರ ಬಂತು, ಮುಚ್ಚಬೇಕಾಯಿತು. ಆದರೆ ಜನರ ಒತ್ತಾಯ ನಿಲ್ಲಲಿಲ್ಲ, 2019ರಲ್ಲಿ ಕಂಪನಿಯೇ ಹಳೇ ಗೇಮನ್ನು ಕ್ಲಾಸಿಕ್ ಅಂತ ವಾಪಸ್ ತಂದಿತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಸಿಟಿ ಆಫ್ ಹೀರೋಸ್. 2012ರಲ್ಲಿ ನಿಂತುಹೋದ ಗೇಮ್. ಅಭಿಮಾನಿಗಳ ಹೋಮ್‌ಕಮಿಂಗ್ ಸರ್ವರ್‌ಗೆ 2024ರ ಜನವರಿಯಲ್ಲಿ ಗೇಮ್‌ನ ಹಕ್ಕಿರುವ ಕಂಪನಿ ಎನ್‌ಸಿಸಾಫ್ಟ್ ಲೈಸೆನ್ಸ್ ಕೊಟ್ಟಿತು.

ಹಾಗಾಗಿ ನೀವೂ ಕಂಪನಿಗೆ ಒಂದು ಮೇಲ್ ಹಾಕಿ ಅನುಮತಿ ಕೇಳಿ. ಉತ್ತರ ಬರುವವರೆಗೆ ಸರ್ವರ್ ನಿಲ್ಲಿಸಿಡಿ. ವಕೀಲರ ಪತ್ರವೇನಾದರೂ ಬಂದರೆ ಸುಮ್ನೆ ಕೂರಬೇಡಿ, ಕಾಸರಗೋಡಿನಲ್ಲೇ ಒಬ್ಬ ವಕೀಲರಿಗೆ ತೋರಿಸಿ.