ಅವರು ಇರಲೇ ಇಲ್ಲ ಎಂದರೆ, ಸತ್ತವರು ಯಾರು?

ಓದುಗರ ಪ್ರಶ್ನೆ: ‘ರಾಕ್ ಆ್ಯಂಡ್ ರೋಲ್ ನೈಟ್‌ಮೇರ್’ ಚಿತ್ರ ನೋಡಿದೆ. ಗಂಟೆಗೂ ಹೆಚ್ಚು ಕಾಲ ಬ್ಯಾಂಡಿನವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಕೊನೆಗೆ ನೋಡಿದರೆ ಅವರು ಇರಲೇ ಇಲ್ಲವಂತೆ! ಇದು ಪ್ರೇಕ್ಷಕರಿಗೆ ಮಾಡಿದ ಮೋಸವಲ್ಲವೇ?

ಮೋಸ ಹೌದು. ಆದರೆ ಆ ಬಲೆ ಹೆಣೆದದ್ದು ಸೈತಾನನಿಗಾಗಿ. ಜೊತೆಯಲ್ಲಿದ್ದ ನಾವೂ ಅದರಲ್ಲಿ ಬಿದ್ದೆವು. (ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಮುಂದೆ ಓದಿ.)

1987ರಲ್ಲಿ ನೇರವಾಗಿ ವಿಡಿಯೊ ಕ್ಯಾಸೆಟ್ಟಿನಲ್ಲಿ ಬಂದ ಕೆನಡಾದ ಚಿತ್ರವಿದು. ಹಾಡು ಧ್ವನಿಮುದ್ರಿಸಲು ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ತಂಡವೊಂದು ಊರಾಚೆಯ ತೋಟದ ಮನೆಗೆ ಬರುತ್ತದೆ. ಅಲ್ಲಿ ಹಿಂದೊಮ್ಮೆ ಒಂದು ಕುಟುಂಬ ನಾಶವಾಗಿರುತ್ತದೆ. ಮುಂದಿನದು ಗೊತ್ತಿರುವ ದಾರಿ. ಕೊನೆಯಲ್ಲಿ ಮಾತ್ರ ಗಾಯಕ ಟ್ರೈಟನ್ ಸೈತಾನನ ಎದುರು ನಿಂತು ತಾನು ದೇವದೂತನೆಂದು ಹೇಳುತ್ತಾನೆ. ಗೆಳೆಯರು, ಗೆಳತಿಯರು ಎಲ್ಲರೂ ಅವನೇ ಸೃಷ್ಟಿಸಿದ ನೆರಳುಗಳು. ಹುಲಿ ಹಿಡಿಯಲು ಬೋನಿನಲ್ಲಿ ಕುರಿ ಕಟ್ಟುವುದಿಲ್ಲವೇ, ಹಾಗೆ. ಹಾಗಾಗಿ ಸತ್ತವರು ಯಾರೂ ಇಲ್ಲ.

ಇದು ಗೊತ್ತಾದ ಮೇಲೆ ಚಿತ್ರದ ದೋಷಗಳೇ ಸುಳಿವುಗಳಾಗುತ್ತವೆ. ಪಾತ್ರಗಳು ಭಯಾನಕ ಚಿತ್ರಗಳ ಹಳೆಯ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದೇಕೆ? ಒಬ್ಬರು ಕಾಣೆಯಾದರೆ ಉಳಿದವರು ಅಷ್ಟಾಗಿ ತಲೆ ಕೆಡಿಸಿಕೊಳ್ಳದಿರುವುದೇಕೆ? ಸೈತಾನ ನಂಬುವಂತಹ ಬಲಿಪಶುಗಳು ಬೇಕಿದ್ದವು, ಅಷ್ಟೇ. ಹಣದ ಕೊರತೆ ಪ್ರತಿ ದೃಶ್ಯದಲ್ಲೂ ಕಾಣುತ್ತದೆ: ಒಂಟಿಕಣ್ಣಿನ ಕೈಗೊಂಬೆಗಳು, ರಬ್ಬರಿನ ಸೈತಾನ, ಮುಗಿಯದ ವ್ಯಾನ್ ಪ್ರಯಾಣ. ಆ ಬಡತನಕ್ಕೂ ಕಥೆಯೊಳಗೆ ಕಾರಣ ಒದಗಿಸಿದ ಜಾಣತನವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಈ ತಿರುವಿನ ನಿಜವಾದ ತೂಕ ಬೇರೆಡೆ ಇದೆ. 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿಯೇ ರಾಕ್ ಹಾಡುಗಳ ಸಾಹಿತ್ಯದ ಬಗ್ಗೆ ವಿಚಾರಣೆ ನಡೆಸಿತ್ತು. ಹೆವಿ ಮೆಟಲ್ ಎಂದರೆ ಮಕ್ಕಳನ್ನು ಕೆಡಿಸುವ ಸೈತಾನನ ಸಂಗೀತ ಎಂಬ ಭಯ ಮನೆಮನೆಯಲ್ಲಿತ್ತು. ಭಯಾನಕ ಚಿತ್ರಗಳೂ ಅದನ್ನೇ ಉಂಡು ಬೆಳೆದವು. ಇದೇ ಚಿತ್ರದ ನಿರ್ದೇಶಕ ಜಾನ್ ಫಸಾನೊ ಮರುವರ್ಷ ತೆಗೆದ ‘ಬ್ಲ್ಯಾಕ್ ರೋಸಸ್’ನಲ್ಲಿ ಬ್ಯಾಂಡಿನವರೇ ರಾಕ್ಷಸರು! ಇಲ್ಲಿ ಮಾತ್ರ ಗಿಟಾರಿನ ಅಬ್ಬರದ ನಡುವೆ ನಿಂತವನೇ ಮನುಷ್ಯರನ್ನು ಕಾಯುವವನು.

ಚಿತ್ರಕಥೆ ಬರೆದು ಟ್ರೈಟನ್ ಆಗಿ ನಟಿಸಿದವರು ಜಾನ್ ಮಿಕ್ಲ್ ಥಾರ್. ದೇಹದಾರ್ಢ್ಯ ಸ್ಪರ್ಧೆಗಳಿಂದ ಸಂಗೀತಕ್ಕೆ ಬಂದ ಅವರು ವೇದಿಕೆಯ ಮೇಲೆ ಉಕ್ಕಿನ ಸರಳು ಬಗ್ಗಿಸುತ್ತಿದ್ದರು. ಬಿಸಿನೀರಿನ ರಬ್ಬರ್ ಚೀಲವನ್ನು ಒಡೆಯುವವರೆಗೂ ಊದುತ್ತಿದ್ದರು. ಅರೆಬೆತ್ತಲೆಯಾಗಿ ಸೈತಾನನೊಂದಿಗೆ ಸೆಣಸುವ ಆ ಕೊನೆಯ ದೃಶ್ಯದಲ್ಲಿ ಅವರ ಮುಖ ನೋಡಿ. ಎದುರಿಗಿರುವುದು ರಬ್ಬರ್ ಬೊಂಬೆ ಎಂಬ ಅಳುಕು ಅಲ್ಲಿ ಒಂದು ಕ್ಷಣವೂ ಇಣುಕುವುದಿಲ್ಲ. ಅಭಿಮಾನಿಗಳು ಇಷ್ಟು ವರ್ಷ ಈ ಚಿತ್ರವನ್ನು ಕೈಬಿಡದಿರುವುದು ಆ ಶ್ರದ್ಧೆಗಾಗಿ ಎಂದೇ ನನ್ನ ನಂಬಿಕೆ. 2005ರಲ್ಲಿ ಮುಂದಿನ ಭಾಗ ಬಂದಾಗಲೂ ದೇವದೂತನ ಪಾತ್ರಕ್ಕೆ ಅವರೇ ಮರಳಿದರು.